ಉಪ್ಪರಿಗೆಯ ಹಲಗೆ ನೆಲ ಉಜ್ಜಲು ಯಾವ ಮೆಷಿನ್?

ಉಡುಪಿ ಹತ್ತಿರದ ಕಟಪಾಡಿಯ ನಮ್ಮ ಅಜ್ಜನ ಮನೆಯ ಉಪ್ಪರಿಗೆಯಲ್ಲಿ ಎರಡು ಕೋಣೆ ಉಂಟು. ದೊಡ್ಡದು 14ಕ್ಕೆ 12 ಅಡಿ, ಅದರ ನೆಲ ಹಲಸಿನ ಹಲಗೆಯದ್ದು. ಸಣ್ಣದು 10ಕ್ಕೆ 10, ಅದು ಕಿರಾಲುಬೋಗಿ ಎಂಬ ಗಟ್ಟಿ ಮರದ್ದು. ಒಂದು ಕಾಲಕ್ಕೆ ಅಕ್ಕಿಮುಡಿ ಸಾಲಾಗಿ ಪೇರಿಸುತ್ತಿದ್ದ ಜಾಗ. ಆಮೇಲೆ ತೆಂಗಿನಕಾಯಿ ಬಂತು, ಮುರಿದ ಮಂಚ ಬಂತು, ಹಳೆ ಪಾಠಪುಸ್ತಕ ಬಂತು. ಮಾಡಿನಿಂದ ಸೋರಿದ ನೀರಿನ ಕಲೆ, ಒರಲೆ ಹಿಡಿಯದಿರಲೆಂದು ಬಳಿದ ಗೇರೆಣ್ಣೆಯ (ಗೇರುಬೀಜದ ಸಿಪ್ಪೆಯ ಎಣ್ಣೆ) ಕಪ್ಪು ಪದರ, ಅದರ ಮೇಲೆ ಅಲ್ಲಲ್ಲಿ ಕೆಂಪು ಪೇಂಟು. ಕೆಳಗಿರುವುದು ಯಾವ ಮರ ಎಂದೇ ಗುರುತು ಸಿಗುತ್ತಿರಲಿಲ್ಲ. ಎರಡು ವರ್ಷದ ಎರಡು ಬೇಸಿಗೆಯಲ್ಲಿ ಎರಡೂ ಕೋಣೆಯನ್ನು ನಾನೇ ಉಜ್ಜಿ ಅಗಸೆ ಎಣ್ಣೆ ಹಾಕಿದೆ. ಈಗ ಮಕ್ಕಳು ಅಲ್ಲಿ ಚಾಪೆಯೂ ಇಲ್ಲದೆ ಮಲಗಿ ಓದುತ್ತಾರೆ.

ನೋಡಿದವರೆಲ್ಲ ಮೊದಲು ಕೇಳುವುದು, ಮೆಷಿನ್ ಯಾವುದು ಅಂತ. ಹೆಸರು ಹೇಳುವ ಮೊದಲು ನಾನು ಅವರ ಮನೆಯ ಹಲಗೆ ಎಷ್ಟು ದಪ್ಪ, ಅದನ್ನು ಕೆಳಗಿನಿಂದ ಹೊರುವ ಅಡ್ಡ ತೊಲೆಗಳು, ಅಂದರೆ ಅಡ್ಡಗಳು, ಎಷ್ಟು ದೂರ ದೂರ, ಉಪ್ಪರಿಗೆಯಲ್ಲಿ ಎಂಥ ಪ್ಲಗ್ ಉಂಟು ಎಂದು ಕೇಳುತ್ತೇನೆ. ಈ ಮೂರು ಗೊತ್ತಿಲ್ಲದೆ ಅಂಗಡಿಗೆ ಹೋದರೆ ಬೇಡದ್ದು ಮನೆಗೆ ಬರುತ್ತದೆ. ನಮ್ಮಲ್ಲಿಗೆ ಹಾಗೇ ಬಂದಿತ್ತು.

ದಪ್ಪ ಅಳೆಯಲು ಏನನ್ನೂ ಕೀಳಬೇಕಾಗಿಲ್ಲ. ಏಣಿ ಹತ್ತಿ ಮೇಲೆ ಬರುವ ಬಾಯಿಯ ಅಂಚಿನಲ್ಲಿ ಹಲಗೆಗಳ ತುದಿ ಕಾಣುತ್ತದೆ, ಅಲ್ಲಿ ಸ್ಕೇಲ್ ಹಿಡಿದರೆ ಸಾಕು. ನಮ್ಮದು ಅಲ್ಲಿ ಒಂದಿಂಚು, ಅಂದರೆ 25 ಮಿ.ಮೀ. ಆದರೆ ಅಂಚಿನ ಅಳತೆಯನ್ನು ನಂಬಿ ಕೂತುಕೊಳ್ಳಬೇಡಿ. ಏಣಿಯಿಂದ ಕಿಟಕಿಗೆ ನಡೆಯುವ ದಾರಿಯಲ್ಲಿ ತಲೆಮಾರುಗಳ ಕಾಲು ಸವೆಸಿದ ಗುಳಿ ಇರುತ್ತದೆ. ಅಲ್ಲಿ ಅಳೆಯಲು ನಾನು ತುದಿ ಬಗ್ಗಿಸಿದ ತೆಳು ತಂತಿಯನ್ನು ಹಲಗೆಗಳ ಸಂದಿನಲ್ಲಿ ಇಳಿಸಿ, ಕೊಕ್ಕೆಯನ್ನು ಹಲಗೆಯ ಅಡಿಗೆ ಸಿಕ್ಕಿಸಿ, ಮೇಲ್ಮೈ ತಾಗುವಲ್ಲಿ ತಂತಿಗೆ ಪೆನ್ನಿನ ಗುರುತು ಹಾಕಿ ಹೊರಗೆಳೆದೆ. 19 ಮಿ.ಮೀ. ಆ ದಾರಿಯಲ್ಲಿ ಮೊಳೆಯ ತಲೆಗಳು ಮೇಲೆದ್ದು ನಿಂತದ್ದಕ್ಕೂ ಅದೇ ಕಾರಣ. ಮೊಳೆ ಎದ್ದದ್ದಲ್ಲ, ಅದರ ಸುತ್ತ ಮರ ಇಳಿದದ್ದು. ಹಳೆ ಬಣ್ಣ ತೆಗೆದು ನೆಲ ಸಮ ಮಾಡುವಷ್ಟರಲ್ಲಿ ಒಂದು ಮಿ.ಮೀ. ಆಚೀಚೆ ಮರ ಹೋಗುತ್ತದೆ. 19ರಲ್ಲಿ ಒಂದು ಹೋದರೆ ಚಿಂತೆಯಿಲ್ಲ. ಅವಸರದ ಯಂತ್ರ ಒಂದೇ ಕಡೆ ಮೂರು ತಿಂದರೆ ಆ ಹಲಗೆ ಕಾಲಿಟ್ಟಾಗ ಬಾಗತೊಡಗುತ್ತದೆ.

ಮಂಗಳೂರಿನ ಫ್ಲ್ಯಾಟಿನಲ್ಲಿ ಇರುವವರಿಗೂ ಇದೇ ಮಾತು, ಇನ್ನೂ ಗಟ್ಟಿಯಾಗಿ. ಬಾಗಿಲಿನ ಹೊಸಿಲ ಪಟ್ಟಿ ಬಿಚ್ಚಿ ನೆಲದ ತುದಿ ನೋಡಿ. ಒಳಗೆ ಕಂದು ಬಣ್ಣದ ರಟ್ಟಿನಂಥ ಪದಾರ್ಥವಿದ್ದು ಮೇಲೆ ಮರದ ಚಿತ್ರ ಮಾತ್ರ ಅಂಟಿಸಿದ್ದರೆ ಅದು ಲ್ಯಾಮಿನೇಟ್. ಅದಕ್ಕೆ ಯಾವ ಸ್ಯಾಂಡರೂ (ಮರಳು ಕಾಗದ ಹಾಕಿ ಉಜ್ಜುವ ಯಂತ್ರ) ತಾಗಿಸಬಾರದು, ಚಿತ್ರವೇ ಎದ್ದು ಹೋಗುತ್ತದೆ. ಪ್ಲೈವುಡ್ ಮೇಲೆ 2ರಿಂದ 4 ಮಿ.ಮೀ. ನಿಜವಾದ ಮರ ಕೂರಿಸಿದ್ದರೆ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರದಲ್ಲಿ ಒಂದು ಸಲ ಉಜ್ಜಬಹುದು. ಅದೂ 80ನೇ ನಂಬರಿನ ಮರಳು ಕಾಗದದಿಂದ ಶುರು ಮಾಡಿ.

ಅಡ್ಡಗಳ ಅಂತರ ಯಾಕೆ ಮುಖ್ಯ ಎಂದರೆ, ಉಪ್ಪರಿಗೆಯ ಹಲಗೆ ಕಾಂಕ್ರೀಟಿನ ಮೇಲೆ ಕೂತದ್ದಲ್ಲ. ನಮ್ಮಲ್ಲಿ ಎರಡಡಿಗೆ ಒಂದು ಅಡ್ಡ. ನಡುವೆ ನಿಂತು ಹಿಮ್ಮಡಿ ಕುಟ್ಟಿದರೆ ಹಲಗೆ ಸಣ್ಣಗೆ ಪುಟಿಯುತ್ತದೆ. ಭಾರದ ಯಂತ್ರ ಅಡ್ಡದ ಮೇಲೆ ಬಂದಾಗ ಹೆಚ್ಚು ಕೀಸುತ್ತದೆ, ನಡುವೆ ಬಂದಾಗ ಹಲಗೆಯೊಟ್ಟಿಗೆ ತಾನೂ ತಗ್ಗಿ ಕಡಿಮೆ ಕೀಸುತ್ತದೆ. ಕೊನೆಗೆ ನೆಲದಲ್ಲಿ ಅಲೆ ಅಲೆ. ಹೇಗೂ ಅಡ್ಡ ನೋಡಲು ಬಗ್ಗಿದ್ದೀರಲ್ಲ, ಸ್ಕ್ರೂಡ್ರೈವರ್ ತುದಿಯಿಂದ ಒಂದೊಂದನ್ನೂ ಚುಚ್ಚಿ ನೋಡಿ. ಒಳಗೆ ಒರಲೆ ತಿಂದಿದ್ದರೆ ಉಜ್ಜುವ ಕೆಲಸ ಆಚೆಗಿರಲಿ, ಮೊದಲು ಆಚಾರಿಯನ್ನು ಕರೆಸಿ.

ಇನ್ನು ಪ್ಲಗ್. ಹಳೆ ಮನೆಗಳ ಉಪ್ಪರಿಗೆಯಲ್ಲಿ ಇರುವುದು ಹೆಚ್ಚಾಗಿ ಸಣ್ಣ 6 ಆಂಪಿಯರ್ ಪ್ಲಗ್. 230 ವೋಲ್ಟಿಗೆ ಲೆಕ್ಕ ಹಾಕಿದರೆ ಅದು ತಡೆಯುವುದು 1,380 ವಾಟ್. ನಿಂತು ನಡೆಸುವ ದೊಡ್ಡ ಸ್ಯಾಂಡರುಗಳು 1,500 ದಾಟುತ್ತವೆ, 2,200 ವಾಟಿನವೂ ಉಂಟು. ಕೆಳಗಿನ 16 ಆಂಪಿಯರ್ ಪ್ಲಗ್ಗಿನಿಂದ ವಯರ್ ಎಳೆಯುವುದಾದರೆ 2.5 ಚದರ ಮಿ.ಮೀ. ತಾಮ್ರದ ವಯರೇ ಬೇಕು, ಸುರುಳಿ ಪೂರ್ತಿ ಬಿಚ್ಚಿರಬೇಕು. ಮಿಕ್ಸಿಗೆ ಬಳಸುವ ತೆಳು ಎಕ್ಸ್‌ಟೆನ್ಷನ್ ಬಿಸಿಯಾಗಿ ಕರಗುತ್ತದೆ.

ಈಗ ಯಂತ್ರಗಳಿಗೆ ಬರುತ್ತೇನೆ.

ನಮ್ಮ ಕಡೆ "ನೆಲ ಪಾಲಿಶ್ ಮೆಷಿನ್ ಬಾಡಿಗೆಗೆ ಉಂಟಾ" ಎಂದು ಕೇಳಿದರೆ ಸಿಗುವುದು ಮಾರ್ಬಲ್, ಗ್ರಾನೈಟ್ ಉಜ್ಜುವ ಯಂತ್ರ. ನಾನೂ ಹಾಗೇ ಕೇಳಿದ್ದು, ಫೋನಿನಲ್ಲಿ ಆಗುತ್ತದೆ ಎಂದರು, ಟೆಂಪೋದಲ್ಲಿ ಬಂತು. ಇಬ್ಬರು ಹಿಡಿದರೂ ನಮ್ಮ ಏಣಿಯಂಥ ಮೆಟ್ಟಿಲು ಹತ್ತಿಸಲಾಗಲಿಲ್ಲ. ಹತ್ತಿಸಿದ್ದರೆ ಇನ್ನೂ ಕಷ್ಟವಾಗುತ್ತಿತ್ತು. ಅದು ನೀರು ಬಿಟ್ಟು ಉಜ್ಜುವ ಯಂತ್ರ, ಹಲಗೆಗೆ ನೀರು ಕುಡಿಸಿದರೆ ಅಂಚು ಏಳುತ್ತದೆ. ಹೋಗಿ ಬಂದ ಬಾಡಿಗೆ ದಂಡ. ಫೋನಿನಲ್ಲಿ "ಮರದ ನೆಲಕ್ಕೆ, ಒಣ ಕೆಲಸಕ್ಕೆ" ಎಂದು ಮೊದಲೇ ಹೇಳಿ, ಫೋಟೋ ತರಿಸಿಕೊಂಡು ನೋಡಿ.

ಡ್ರಮ್ ಸ್ಯಾಂಡರ್ ಎಂಬುದು ಮರದ ನೆಲಕ್ಕೆಂದೇ ಹುಟ್ಟಿದ ಯಂತ್ರ. ಅಮೆರಿಕದಲ್ಲಿ ಮನೆಮಂದಿ ಬಾಡಿಗೆಗೆ ತರುವುದು ಹೆಚ್ಚಾಗಿ ಇದನ್ನೇ. 8 ಇಂಚು ಅಗಲದ ಉರುಳೆಗೆ ಕಾಗದ ಸುತ್ತಿರುತ್ತದೆ, ಹುಲ್ಲು ಕತ್ತರಿಸುವ ಯಂತ್ರದ ಹಾಗೆ ನಿಂತು ನಡೆಸುವುದು. ಉರುಳೆ ನೆಲಕ್ಕೆ ತಾಗುವುದು ಒಂದು ಗೆರೆಯಷ್ಟೇ, ಇಡೀ ಭಾರವೂ ಆ ಗೆರೆಯ ಮೇಲೇ. ಹಾಗಾಗಿ ಕೀಸುವ ಶಕ್ತಿ ಬಹಳ. ಯಂತ್ರ ಮುಂದೆ ಸರಿಯುತ್ತಿರುವಾಗಲೇ ಉರುಳೆ ಇಳಿಸಬೇಕು, ನಿಲ್ಲುವ ಮೊದಲು ಎತ್ತಬೇಕು. ಎರಡು ಸೆಕೆಂಡು ಒಂದೇ ಕಡೆ ನಿಂತರೆ ಅಡ್ಡಕ್ಕೆ ತೋಡು ಬೀಳುತ್ತದೆ. ದೊಡ್ಡ ಹಾಲ್, ದಪ್ಪ ಹಲಗೆ, ಅಲುಗದ ನೆಲ, ಪಳಗಿದ ಕೈ ಇದ್ದರೆ ಒಂದು ದಿನದಲ್ಲಿ ಮುಗಿಯುವ ಕೆಲಸ. ಪುಟಿಯುವ ಉಪ್ಪರಿಗೆಗೆ, ಮೊದಲ ಸಲ ಹಿಡಿಯುವವರಿಗೆ ಇದು ಬೇಡ. ಇದರ ಹಾಗೆಯೇ ನಿಂತು ನಡೆಸುವ ಚೌಕ ತಟ್ಟೆಯ ಆರ್ಬಿಟಲ್ ಯಂತ್ರ ಸಿಕ್ಕಿದರೆ ಅದು ಎಷ್ಟೋ ಸೌಮ್ಯ. 12ಕ್ಕೆ 18 ಇಂಚಿನ ತಟ್ಟೆಯ ಮೇಲೆ ಭಾರ ಹರಡುವುದರಿಂದ ತೋಡು ಬೀಳುವುದಿಲ್ಲ.

ಕೈಯಲ್ಲಿ ಹಿಡಿಯುವ ಬೆಲ್ಟ್ ಸ್ಯಾಂಡರಿಗೆ ಒಂದು ಕೆಲಸ ಉಂಟು. ಹಲಗೆಗಳ ಅಂಚು ಎದ್ದು ನಡು ತಗ್ಗಿದ್ದರೆ, ಅಂಚನ್ನು ತಗ್ಗಿಸಲು ಇದರಷ್ಟು ಬೇಗ ಬೇರೆ ಯಾವುದೂ ಇಲ್ಲ. 3 ಇಂಚು ಅಗಲದ ಪಟ್ಟಿಯದ್ದು ಸಾಕು, 4 ಇಂಚಿನದ್ದು ಕೈಗೆ ಭಾರ. ಮರದ ಎಳೆಯ ಉದ್ದಕ್ಕೇ ಓಡಿಸಬೇಕು, ಅಡ್ಡ ಹೋದರೆ ಗೀರು. ಇದೊಂದನ್ನು ನಾನು ಪರಿಚಯದವರಲ್ಲಿ ಎರಡು ದಿನಕ್ಕೆ ಕೇಳಿ ತಂದೆ, ಕೊಂಡುಕೊಳ್ಳಲಿಲ್ಲ.

ಇನ್ನು ಆ್ಯಂಗಲ್ ಗ್ರೈಂಡರ್. ಇದರ ಬಗ್ಗೆ ಕೈಮುಗಿದು ಹೇಳುತ್ತೇನೆ, ನೆಲಕ್ಕೆ ಬೇಡ. ಮರದ ಕೆಲಸಕ್ಕೆ ಬರುವವರ ಚೀಲದಲ್ಲಿ ಇದು ಇದ್ದೇ ಇರುತ್ತದೆ, ತುದಿಗೆ ಫ್ಲ್ಯಾಪ್ ಡಿಸ್ಕ್ (ಉಜ್ಜುವ ಕಾಗದದ ತುಂಡುಗಳನ್ನು ಸುತ್ತ ಜೋಡಿಸಿದ ಬಿಲ್ಲೆ) ಹಾಕಿ "ಹತ್ತು ನಿಮಿಷದಲ್ಲಿ ಬಿಳಿ ಮಾಡಿ ಕೊಡ್ತೇನೆ" ಎನ್ನುತ್ತಾರೆ. ನಾನು ಕೆಲಸ ಕಲಿಯುವ ಮೊದಲು ಒಬ್ಬರಿಗೆ ಒಪ್ಪಿಕೊಂಡಿದ್ದೆ. ನಿಮಿಷಕ್ಕೆ 11,000 ಸುತ್ತು ತಿರುಗುವ ಡಿಸ್ಕಿನ ಅಂಚು ಮಾತ್ರ ಹಲಗೆಗೆ ತಾಗುತ್ತದೆ. ಕೈ ಕೂದಲೆಳೆ ವಾಲಿದರೂ ಅರ್ಧಚಂದ್ರದಂತೆ ಗುಳಿ. ಕಿಟಕಿಯ ಬುಡದಲ್ಲಿ ಅಂಥ ಏಳು ಗುಳಿ ಈಗಲೂ ಉಂಟು, ಬೆಳಗ್ಗಿನ ಬಿಸಿಲು ಅಡ್ಡ ಬಿದ್ದಾಗ ಒಂದೊಂದಾಗಿ ಎಣಿಸಬಹುದು. ಅವನ್ನು ತೆಗೆಯಲು ಸುತ್ತಲಿನ ನೆಲವನ್ನೆಲ್ಲ ಎರಡು ಮಿ.ಮೀ. ತಗ್ಗಿಸಬೇಕಾಗುತ್ತಿತ್ತು. ಬಿಟ್ಟುಬಿಟ್ಟೆ.

ಕೊನೆಗೆ ನಾನು ಕೊಂಡದ್ದು 5 ಇಂಚಿನ ರ್‍ಯಾಂಡಮ್ ಆರ್ಬಿಟಲ್ ಸ್ಯಾಂಡರ್. 125 ಮಿ.ಮೀ. ತಟ್ಟೆ, ಒಂದೂಕಾಲು ಕಿಲೋ ಆಚೀಚೆ ತೂಕ, 250–300 ವಾಟ್. ಸಣ್ಣ ಪ್ಲಗ್ಗಿನಲ್ಲೇ ಓಡುತ್ತದೆ. ಇದರ ಗುಣ ಇರುವುದು ಅಲುಗಾಟದಲ್ಲಿ. ತಟ್ಟೆ ತಿರುಗುತ್ತಲೇ ಎರಡು ಮೂರು ಮಿ.ಮೀ. ಅತ್ತಿತ್ತ ಅಲುಗುವುದರಿಂದ ಕಾಗದದ ಹರಳು ಹೋದ ದಾರಿಯಲ್ಲೇ ಮತ್ತೆ ಹೋಗುವುದಿಲ್ಲ. ಉದ್ದ ಗೀರು ಬೀಳುವುದಿಲ್ಲ, ಎಳೆಯ ದಿಕ್ಕು ನೋಡಬೇಕಾಗಿಲ್ಲ, ತಪ್ಪಿದರೂ ತಪ್ಪು ಕಾಗದದಷ್ಟು ತೆಳ್ಳಗೆ. ನಿಧಾನ ಎಂಬುದು ನಿಜ. 40ರ ಕಾಗದದಲ್ಲಿ ನನಗೆ ಗಂಟೆಗೆ 12 ಚದರಡಿ ಆಗುತ್ತಿತ್ತು. ದೊಡ್ಡ ಕೋಣೆಯ 168 ಚದರಡಿಗೆ ದಿನಕ್ಕೆ ಮೂರು ಗಂಟೆಯಂತೆ ಐದು ಸಂಜೆ. ಆಮೇಲಿನ ಕಾಗದಗಳು ಬೇಗ ಮುಗಿಯುತ್ತವೆ. ಒಂದೆರಡು ಕೋಣೆ ಇರುವವರಿಗೆ ಈ ನಿಧಾನ ನಷ್ಟವಲ್ಲ ಎಂದೇ ನನ್ನ ಅಭಿಪ್ರಾಯ. ಹಲಗೆಯನ್ನು ಗೇಣು ಗೇಣಾಗಿ ನೋಡುತ್ತ ಹೋಗುತ್ತೀರಿ, ಬಿರುಕು ಎಲ್ಲಿ, ಮೊಳೆ ಎಲ್ಲಿ ಎಂಬುದು ಕೈಗೆ ಸಿಗುತ್ತದೆ. ಐನೂರು ಚದರಡಿ ದಾಟಿದರೆ ಮಾತ್ರ ಬೇರೆ ಯೋಚನೆ ಮಾಡಿ.

ಅಂಗಡಿಯಲ್ಲಿ ನೋಡಬೇಕಾದದ್ದು ಹೇಳುತ್ತೇನೆ. ಮಂಗಳೂರಿನ ಬಂದರು ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಾಷ್, ಮಕೀಟಾ, ಡಿವಾಲ್ಟ್ ಎಲ್ಲ ಸಿಗುತ್ತವೆ, ಉಡುಪಿಯಲ್ಲೂ ಸಿಗುತ್ತವೆ. ಮೊದಲನೆಯದು, ವೇಗ ಹೆಚ್ಚು ಕಡಿಮೆ ಮಾಡುವ ಚಕ್ರ ಇರಬೇಕು, ಯಾಕೆಂದರೆ ಗೇರೆಣ್ಣೆ ಇರುವಲ್ಲಿ ವೇಗ ತಗ್ಗಿಸದಿದ್ದರೆ ಪದರ ಬಿಸಿಯಾಗಿ ಮೆತ್ತಗಾಗುತ್ತದೆ. ಎರಡನೆಯದು, ಕಾಗದ ವೆಲ್ಕ್ರೋದಲ್ಲಿ ಅಂಟುವಂತಿರಬೇಕು, ತಟ್ಟೆಗೆ ಎಂಟು ತೂತು ಇದ್ದರೆ ಕಾಗದ ಎಲ್ಲ ಕಡೆ ಸಿಗುತ್ತದೆ. ಸ್ವಿಚ್ ಹಾಕಿ ಗಾಳಿಯಲ್ಲಿ ಎತ್ತಿ ಹಿಡಿಯಿರಿ. ತಟ್ಟೆ ಹುಚ್ಚು ಹಿಡಿದಂತೆ ಗಿರ್ರನೆ ತಿರುಗಿದರೆ ಬ್ರೇಕ್ ಇಲ್ಲ ಅಥವಾ ಸವೆದಿದೆ ಎಂದರ್ಥ. ಅಂಥದ್ದು ನೆಲಕ್ಕೆ ತಾಗಿದ ಕ್ಷಣವೇ ಸುರುಳಿ ಗೀರು ಹಾಕುತ್ತದೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಐದು ನಿಮಿಷ ಓಡಿಸಲು ಬಿಡಿ ಎಂದು ಕೇಳಿ. ಬೆರಳು ಜುಮುಗುಟ್ಟಿದರೆ ಅದು ನಿಮಗಲ್ಲ. ಬಿಡಿ ತಟ್ಟೆ ಸಿಗುತ್ತದೆಯೇ ಎಂದೂ ಕೇಳಿ, ನನ್ನದರ ವೆಲ್ಕ್ರೋ ಮೊದಲ ಕೋಣೆ ಮುಗಿಯುವಾಗಲೇ ಬಿಸಿಗೆ ಸವೆದು ಕಾಗದ ಹಾರತೊಡಗಿತ್ತು.

ಅದರ ಜೊತೆ ಬರುವ ಸಣ್ಣ ಧೂಳಿನ ಡಬ್ಬಿಯನ್ನು ನಂಬಬೇಡಿ. ವ್ಯಾಕ್ಯೂಮ್ ಕ್ಲೀನರ್ ಪೈಪು ಸಿಕ್ಕಿಸಲೇಬೇಕು. ಪೈಪಿನ ಬಾಯಿ, ಯಂತ್ರದ ಬಾಯಿ ಎರಡೂ ಒಂದೇ ಅಳತೆ ಇರುವುದು ಅಪರೂಪ. ನಾನು ಸೈಕಲ್ ಟ್ಯೂಬಿನ ನಾಲ್ಕಿಂಚು ತುಂಡು ಕತ್ತರಿಸಿ ಎರಡಕ್ಕೂ ಸೇರಿಸಿ ತೊಡಿಸಿದೆ, ಇಡೀ ಕೆಲಸ ಮುಗಿಯುವವರೆಗೆ ಜಾರಲಿಲ್ಲ. ಧೂಳು ಎಳೆದುಕೊಂಡರೆ ಕಾಗದವೂ ಹೆಚ್ಚು ಬಾಳುತ್ತದೆ.

ಮೂಲೆಗೆ ದುಂಡು ತಟ್ಟೆ ಹೋಗುವುದಿಲ್ಲ. ಅಲ್ಲಿಗೆ ಚೌಕ ತಟ್ಟೆಯ ಸಣ್ಣ ಶೀಟ್ ಸ್ಯಾಂಡರ್ ಮಾರುತ್ತಾರೆ, ನನಗೆ ಅದರ ಅಗತ್ಯ ಬೀಳಲಿಲ್ಲ. ನಮ್ಮೂರ ಹಿರಿಯ ಆಚಾರಿಗಳು ಪೆಟ್ಟಿಗೆ, ತೊಟ್ಟಿಲು ಕೆರೆದು ನಯ ಮಾಡುತ್ತಿದ್ದದ್ದು ಗಾಜಿನ ಚೂರಿನಲ್ಲಿ. ಅದೇ ಕೆಲಸ ಮಾಡುವ ಉಕ್ಕಿನ ಸ್ಕ್ರೇಪರ್ ತಗಡು ಸಿಗುತ್ತದೆ. ಅದನ್ನು ಎರಡೂ ಹೆಬ್ಬೆರಳಿನಿಂದ ಸ್ವಲ್ಪ ಬಗ್ಗಿಸಿ ಎಳೆದರೆ ಮೂಲೆಯ ಪೇಂಟು ಸುರುಳಿ ಸುರುಳಿಯಾಗಿ ಏಳುತ್ತದೆ.

ಇದೇ ಸ್ಕ್ರೇಪರ್ ಗೇರೆಣ್ಣೆಗೂ ಬೇಕು. ಗೇರೆಣ್ಣೆಯ ದಪ್ಪ ಪದರಕ್ಕೆ ನೇರ ಸ್ಯಾಂಡರ್ ಹಿಡಿದರೆ ಒಂದು ಕಾಗದ ಎರಡು ನಿಮಿಷಕ್ಕೆ ಮೇಣ ಹಚ್ಚಿದಂತೆ ನುಣ್ಣಗಾಗುತ್ತದೆ. ಮೊದಲು ಕೆರೆದು ತೆಗೆಯಿರಿ, ಉಳಿದದ್ದಕ್ಕೆ ಕಾಗದ. ತೋಳು ಮುಚ್ಚುವ ಅಂಗಿ, ಕೈಗವಸು ಇರಲಿ. ಈ ಎಣ್ಣೆ ಚರ್ಮ ಸುಡುತ್ತದೆ ಎಂಬುದು ಬೀಜದ ಕಾರ್ಖಾನೆಯಲ್ಲಿ ದುಡಿದವರಿಗೆಲ್ಲ ಗೊತ್ತಿದ್ದದ್ದೇ. ಹಳತಾಗಿ ಒಣಗಿದ್ದರೂ ಅದರ ಪುಡಿಯಿಂದ ನನ್ನ ಮೊಣಕೈ ಒಳಗೆಲ್ಲ ಬೊಕ್ಕೆ ಎದ್ದು ವಾರ ತುರಿಸಿತು.

ಹಳೆ ಪೇಂಟಿನದು ಬೇರೆಯೇ ಅಪಾಯ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಿಂದ. ಅದಕ್ಕಿಂತ ಹಳೆ ಪೇಂಟಿನಲ್ಲಿ ಸೀಸ ಉಂಟೆಂದೇ ತಿಳಿದುಕೊಂಡು ಕೆಲಸ ಮಾಡಿ. ಒಣಗಿದ್ದನ್ನು ಯಂತ್ರದಲ್ಲಿ ಪುಡಿ ಮಾಡಬಾರದು. ನಾನು ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸಿ, ಒದ್ದೆ ಇರುವಾಗಲೇ ಕೆರೆದು, ಚೂರನ್ನೆಲ್ಲ ಪೇಪರಿನಲ್ಲಿ ಕಟ್ಟಿ ಬೇರೆ ಇಟ್ಟೆ. ಆ ವಾರ ಮಕ್ಕಳನ್ನು ಮೇಲೆ ಹತ್ತಲು ಬಿಡಲಿಲ್ಲ. ಮರದ ಧೂಳು ಕೂಡ ಸುಮ್ಮನೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಮುಖಕ್ಕೆ ಬೈರಾಸು ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಬೇಕು.

ಶುರು ಮಾಡುವ ಮೊದಲು ಕೆಳಗಿನ ಕೋಣೆ ಮುಚ್ಚಿ. ಹಲಗೆಗಳ ಸಂದಿನಿಂದ ಪುಡಿ ಕೆಳಗೆ ಸುರಿಯುತ್ತದೆ. ನಮ್ಮ ದೊಡ್ಡ ಕೋಣೆಯ ನೇರ ಕೆಳಗೆ ದೇವರ ಕೋಣೆ. ಮೊದಲ ದಿನ ಅಮ್ಮ ಸಂಜೆ ದೀಪ ಹಚ್ಚಲು ಹೋದಾಗ ದೇವರ ಪೀಠ, ಗಂಟೆ, ಹೂವಿನ ಹರಿವಾಣ ಎಲ್ಲದರ ಮೇಲೆ ಅರಿಶಿನ ಚೆಲ್ಲಿದ ಹಾಗೆ ಹಲಸಿನ ಹಳದಿ ಪುಡಿ. ಮಾರನೆಯ ದಿನ ಅಡ್ಡಗಳ ಅಡಿಗೆ ಟಾರ್ಪಲ್ ಬಿಗಿದೆ. ಆ ಬಣ್ಣ ಹಲಸಿನದ್ದೇ, ಹೊಸದಾಗಿ ಉಜ್ಜಿದಾಗ ಬಾಳೆಹಣ್ಣಿನ ಸಿಪ್ಪೆಯಷ್ಟು ಹಳದಿ, ಬೆಳಕು ತಾಗಿ ತಾಗಿ ಕೆಲವು ತಿಂಗಳಿಗೆ ಜೇನಿನ ಬಣ್ಣಕ್ಕೆ ಇಳಿಯುತ್ತದೆ. ಕಿರಾಲುಬೋಗಿ ಬೇರೆ ಜಾತಿ. ಮೊಳೆ ಬಗ್ಗುವಷ್ಟು ಗಟ್ಟಿ, ಕಾಗದ ತಿನ್ನುತ್ತದೆ, ಗಂಟೆಗೆ ಎಂಟು ಚದರಡಿ ಆದರೆ ಹೆಚ್ಚು. ಸಾಗುವಾನಿ ಇದ್ದರೆ ಅದರೊಳಗೆ ಸಿಲಿಕಾ ಇರುವುದರಿಂದ ಅಲ್ಲೂ ಕಾಗದ ಬೇಗ ಮೊಂಡಾಗುತ್ತದೆ. ಲೆಕ್ಕಕ್ಕಿಂತ ಹತ್ತು ಹೆಚ್ಚು ತನ್ನಿ.

ಮೊಳೆಗಳನ್ನು ಪಂಚ್ (ಮೊಳೆ ಇಳಿಸುವ ಉಕ್ಕಿನ ಕಡ್ಡಿ) ಇಟ್ಟು ಸುತ್ತಿಗೆಯಲ್ಲಿ ಮೂರು ಮಿ.ಮೀ. ಒಳಗಿಳಿಸಿ. ಒಂದೇ ಒಂದು ತಲೆ ಉಳಿದರೂ ಕಾಗದ ಹರಿಯುತ್ತದೆ, ಕಿಡಿ ಹಾರಿ ಧೂಳಿನ ಚೀಲಕ್ಕೆ ಹೋದರೆ ಬೆಂಕಿ.

ಕಾಗದದ ಸಂಖ್ಯೆ ದೊಡ್ಡದಾದಷ್ಟು ಹರಳು ಸಣ್ಣ. 40, 60, 80, 100. ನಡುವೆ ಹಾರಬೇಡಿ. 40ರ ಗೀರನ್ನು 60 ಮಾತ್ರ ತೆಗೆದೀತು, ನೇರ 100 ಹಿಡಿದರೆ ಗೀರಿನ ಮೇಲೆ ಹೊಳಪು ಬರುತ್ತದೆ ಅಷ್ಟೇ, ಎಣ್ಣೆ ಹಾಕಿದ ದಿನ ಎಲ್ಲ ಎದ್ದು ಕಾಣುತ್ತದೆ. ಪ್ರತಿ ಸಂಖ್ಯೆಗೂ ಮೊದಲು ನೆಲಕ್ಕೆ ಪೆನ್ಸಿಲಿನಿಂದ ಅಂಕುಡೊಂಕು ಗೆರೆ ಎಳೆಯಿರಿ, ಗೆರೆ ಪೂರ್ತಿ ಹೋಗುವವರೆಗೆ ಉಜ್ಜಿ. ಎಲ್ಲಿ ಆಯಿತು, ಎಲ್ಲಿ ಬಾಕಿ ಎಂಬ ಗೊಂದಲವೇ ಇರುವುದಿಲ್ಲ. ಯಂತ್ರವನ್ನು ನೆಲದ ಮೇಲಿಟ್ಟು ಸ್ವಿಚ್ ಹಾಕಿ, ಕೈಯ ಭಾರ ಬಿಟ್ಟರೆ ಬೇರೆ ಒತ್ತಡ ಬೇಡ, ಸೆಕೆಂಡಿಗೆ ಒಂದಿಂಚಿನಷ್ಟು ನಿಧಾನ ಸರಿಸಿ. ಒತ್ತಿದರೆ ತಟ್ಟೆ ತಿರುಗುವುದು ನಿಂತು ಬರೀ ನಡುಗುತ್ತದೆ. ಕಾಗದ ಬದಲಿಸುವ ಮೊದಲು ನೆಲ ಗುಡಿಸಿ, ನಾನು ಅಡಿಕೆ ಹಾಳೆಯಲ್ಲಿ ಪುಡಿ ತುಂಬಿಕೊಳ್ಳುತ್ತಿದ್ದೆ. 60ರ ಹೊತ್ತಿಗೆ 40ರ ಒಂದು ಹರಳು ನೆಲದಲ್ಲಿ ಉಳಿದರೆ ಹಂದಿಬಾಲದಂಥ ಸುರುಳಿ ಬೀಳುತ್ತದೆ. ರಾತ್ರಿ ಲೈಟ್ ಆರಿಸಿ ಟಾರ್ಚನ್ನು ನೆಲಕ್ಕೆ ಅಡ್ಡ ಮಲಗಿಸಿ ನೋಡಿ. ಹಗಲು ಕಾಣದ್ದು ಆಗ ಕಾಣುತ್ತದೆ. ಎಣ್ಣೆ ಹಾಕುವುದಾದರೆ 100ಕ್ಕೆ ನಿಲ್ಲಿಸಿ, ಇನ್ನೂ ನಯ ಮಾಡಿದರೆ ಮರ ಎಣ್ಣೆ ಕುಡಿಯುವುದಿಲ್ಲ.

ಜನವರಿಯಿಂದ ಮಾರ್ಚ್ ಒಳ್ಳೆ ಕಾಲ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರಕ್ಕೆ, ಎಣ್ಣೆಯೂ ಒಣಗಿ ಮುಗಿದಿರಬೇಕು. ಮಳೆ ಹಿಡಿದ ಮೇಲೆ ಹಲಗೆ ಉಬ್ಬುತ್ತದೆ, ಎಣ್ಣೆ ವಾರಗಟ್ಟಲೆ ಅಂಟಂಟು.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ಅದು ಒಣಗುವಾಗ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಪ್ರತಿ ಸಂಜೆ ಆ ಬಟ್ಟೆಗಳನ್ನು ಅಂಗಳದ ಬಳ್ಳಿಯಲ್ಲಿ ಒಂದೊಂದಾಗಿ ಹರಡಿ ಒಣಗಿಸಿ. ಧೂಳಿನ ಚೀಲವನ್ನೂ ಉಪ್ಪರಿಗೆಯಲ್ಲಿ ಬಿಡದೆ ಮನೆಯಿಂದ ದೂರ ಇಟ್ಟು ಬಂದು ಮಲಗಿ.